ಪ್ರಶ್ನೆ ಕೇಳಲು ಕಲಿಸಿದ ಮೇಷ್ಟರು: ಡಾ. ಎಚ್. ನರಸಿಂಹಯ್ಯನವರು

ಪ್ರತಿವರ್ಷವೂ ನವೆಂಬರ್ ತಿಂಗಳು ಬಂದೊಡನೆ ನಾವು ಕವಿಗಳನ್ನು ನೆನೆಯುತ್ತೇವೆ, ಏಕೀಕರಣಕ್ಕಾಗಿ ದುಡಿದ ಹಿರಿಯರನ್ನು ನೆನೆಯುತ್ತೇವೆ. ಕಾಲೇಜಿನ ಮೇಷ್ಟರನ್ನು ನೆನೆಯುವುದು ಮಾತ್ರ ಅಪರೂಪ. ಆದಕಾರಣ ಈ ಸಲದ ಸಂಚಿಕೆಗೆ ಒಬ್ಬ ಮೇಷ್ಟರ ಜೀವನವನ್ನೇ ಬರೆಯಲು ಹೊರಟಿದ್ದೇವೆ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ಖಾಡಿಯಾಚೆಯ ನವಿ ಮುಂಬಯಿಯಲ್ಲಿಯೂ ನೆಲೆಸಿದ ನಮ್ಮ ಮನೆಗಳಲ್ಲಿ ಡಾ. ಎಚ್. ನರಸಿಂಹಯ್ಯನವರ ಹೆಸರನ್ನು ಹಿರಿಯರು ಕೇಳಿಯೇ ಇರುತ್ತಾರೆ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಕೇಳಿರಲಾರರು. ಅವರು ತೀರಿಕೊಂಡು ಎರಡು ದಶಕಗಳೇ ಕಳೆದುಹೋದುವು.

ನರಸಿಂಹಯ್ಯನವರು ಹುಟ್ಟಿದ್ದು 1920ನೆಯ ಇಸವಿ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಮನೆಯಲ್ಲಿ ಬಡತನ. ಊರಿನ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಎಂ. ಎಸ್. ನಾರಾಯಣರಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋದರು; ಈ ಹುಡುಗನ ಚುರುಕನ್ನು ಬಲ್ಲ ಅವರು ಅಲ್ಲಿಗೇ ಬಂದು ಓದುವಂತೆ ಹೇಳಿಕಳುಹಿಸಿದರು. ಪ್ರಯಾಣಕ್ಕೆ ಕೈಯಲ್ಲಿ ಕಾಸಿಲ್ಲ. 1935ರಲ್ಲಿ ಹುಡುಗ ನಡೆದೇ ಹೊರಟ. ಸುಮಾರು 85 ಕಿಲೋಮೀಟರು ದಾರಿ, ಎರಡು ದಿನ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ನಾವು ಈಗಲೂ ವಿ. ಟಿ. ಎಂದೇ ಕರೆಯುವ ನಿಲ್ದಾಣದಿಂದ ಹೊರಟು ಡೊಂಬಿವಲಿ, ಕಲ್ಯಾಣಗಳನ್ನು ದಾಟಿ ನೇರಳದವರೆಗೆ ನಡೆದಂತೆ. ಬೆಳಗಿನ ಲೋಕಲಿನಲ್ಲಿ ಕೂಡಲು ಜಾಗ ಸಿಗಲಿಲ್ಲವೆಂದು ಗೊಣಗುವ ನಮಗೆ ಇದು ಕೂಡಲೇ ಅರ್ಥವಾದೀತು.

ಮರುವರ್ಷ, 1936ರಲ್ಲಿ, ಗಾಂಧೀಜಿಯವರು ಆ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳುವ ಕೆಲಸವನ್ನು ಮುಖ್ಯೋಪಾಧ್ಯಾಯ ಕೆ. ಸಂಪದ್ಗಿರಿರಾಯರು ಒಪ್ಪಿಸಿದ್ದು ಈ ಹಳ್ಳಿಯ ಹುಡುಗನಿಗೆ. ಅಂದಿನ ಪ್ರಭಾವ ಕೊನೆಯವರೆಗೂ ಬಿಡಲಿಲ್ಲ. ಖಾದಿಯ ಉಡುಪು, ತಲೆಯ ಮೇಲೆ ಗಾಂಧಿ ಟೋಪಿ, ಮದುವೆಯಿಲ್ಲದ ಬದುಕು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುತ್ತಿದ್ದಾಗ 1942ರ ಚಳವಳಿ ಬಂತು. ನಮ್ಮ ಮುಂಬಯಿಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಎದ್ದ ಆ ಕರೆಗೆ ಓಗೊಟ್ಟು ಅವರು ಓದನ್ನು ಬಿಟ್ಟು ಸೆರೆಮನೆ ಸೇರಿದರು. ಪುಣೆಯ ಯರವಡಾ ಜೈಲನ್ನೂ ಕಂಡುಬಂದರು. ತರುವಾಯ ಓದನ್ನು ಮುಗಿಸಿ 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕೆಯ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, 1961ರಲ್ಲಿ ಅದೇ ಕಾಲೇಜಿಗೆ ಪ್ರಿನ್ಸಿಪಾಲರಾದರು. ಅಂಥ ವಿದ್ಯೆಗೆ ಆ ದೇಶದಲ್ಲಿಯೇ ಒಳ್ಳೆಯ ಸಂಬಳದ ಕೆಲಸ ಸಿಗುತ್ತಿತ್ತು. ಅವರು ಹಿಂದಿರುಗಿದರು.

ಇಲ್ಲಿಂದ ಮುಂದೆ ಅವರು ನಡೆಸಿದ ಕೆಲಸವೇ ನಮಗೆ ಮುಖ್ಯವಾದದ್ದು. ಪಾಠವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುವುದು ವಿದ್ಯೆಯಲ್ಲವೆಂದೂ, ಯಾರೇ ಹೇಳಲಿ, ಯಾವ ಗ್ರಂಥವೇ ಹೇಳಲಿ, ಏಕೆ ಹೇಗೆ ಎಂದು ಕೇಳಿದ ಮೇಲೆಯೇ ಒಪ್ಪಬೇಕೆಂದೂ ಅವರು ವಿದ್ಯಾರ್ಥಿಗಳಿಗೆ ಸಾರಿ ಸಾರಿ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಸ್ಥೆಯನ್ನು ಕಟ್ಟಿ, ವಾರವಾರವೂ ಕಾಲೇಜಿನಲ್ಲಿ ಉಪನ್ಯಾಸಗಳನ್ನು ಏರ್ಪಡಿಸಿದರು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನ ಸಂಸ್ಥೆಯಂಥ ಕಡೆಗಳಿಂದ ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು, ವಿದ್ಯಾರ್ಥಿಗಳೂ ದಾರಿಹೋಕರೂ ಕೂಡಿ ಕುಳಿತ ಸಭೆಗೆ ತಮ್ಮ ಶಾಸ್ತ್ರವನ್ನು ಬಿಡಿಸಿ ಹೇಳಬೇಕಾಗಿತ್ತು. ವಿಜ್ಞಾನವೊಂದೇ ಮನುಷ್ಯನನ್ನು ಪೂರ್ತಿ ಮಾಡುವುದಿಲ್ಲವೆಂಬುದೂ ಅವರಿಗೆ ಗೊತ್ತಿತ್ತು. ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಅವರೇ ಹುಟ್ಟುಹಾಕಿದರು. ಭೌತಶಾಸ್ತ್ರದ ಹುಡುಗನು ಸಂಗೀತವನ್ನು ಕೇಳಲಿ, ಸಾಹಿತ್ಯದ ಹುಡುಗಿಯು ಗ್ರಹನಕ್ಷತ್ರಗಳ ವಿಷಯವನ್ನು ತಿಳಿಯಲಿ ಎಂಬುದು ಇದರ ಹಿಂದಿನ ಭಾವನೆಯೆಂದು ನಾವು ತಿಳಿಯುತ್ತೇವೆ.

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಪದವಿ ಬದಲಾಯಿತು, ವಾಸಸ್ಥಳ ಬದಲಾಗಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೊಠಡಿಯೇ ಅವರ ಮನೆ. ಈ ಅವಧಿಯಲ್ಲಿಯೇ, 1976ರಲ್ಲಿ, ಅವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ಶೋಧಿಸಲು ವಿಶ್ವವಿದ್ಯಾಲಯದ ವತಿಯಿಂದ ಒಂದು ಸಮಿತಿಯನ್ನು ನೇಮಿಸಿದರು. ನಾಡಿನಲ್ಲೆಲ್ಲಾ ಕೋಲಾಹಲವೆದ್ದಿತು. ಪಾಂಡವಪುರದಲ್ಲಿ ಕೈಯಿಂದ ವಿಭೂತಿ ಬರಿಸುತ್ತಾನೆಂದು ಹೆಸರಾಗಿದ್ದ ಒಬ್ಬ ಬಾಲಕನನ್ನು ಸಮಿತಿಯವರು ಹೋಗಿ ನೋಡಿದಾಗ, ವಿಭೂತಿಯು ಉಡುಪಿನೊಳಗೆ ಅಡಗಿದ್ದುದು ಕಂಡುಬಂತು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೂ, ತಮ್ಮ ಪವಾಡಗಳನ್ನು ಪರೀಕ್ಷಿಸಲು ಅವಕಾಶ ಕೊಡಬೇಕೆಂದು ನರಸಿಂಹಯ್ಯನವರು ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ.

ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ ಬಾಬಾ ಅವರ ಭಾವಚಿತ್ರಕ್ಕೆ ದಿನವೂ ಹೂವೇರಿಸುವವರು ಇದ್ದಾರೆ. ಅವರ ಮನಸ್ಸನ್ನು ನೋಯಿಸುವುದು ನಮ್ಮ ಉದ್ದೇಶವಲ್ಲ. ಒಂದು ವಿಶ್ವವಿದ್ಯಾಲಯವು ಇಂಥ ಗೊಡವೆಗೆ ಹೋಗಬೇಕಿತ್ತೇ ಎಂದು ಅಂದು ಕೇಳಿದವರೂ ಇದ್ದರು. ಅದು ತೆಗೆದುಹಾಕುವಂಥ ಮಾತಲ್ಲ. ಆದರೆ ನಮ್ಮ ಕಸುಬಿನಿಂದ ಒಂದು ಉದಾಹರಣೆ ಕೊಡುತ್ತೇವೆ. ಬ್ಯಾಂಕಿನ ಕೌಂಟರಿಗೆ ಚೆಕ್ಕು ಬಂದಾಗ, ತಂದವರು ಎಷ್ಟೇ ದೊಡ್ಡವರಾಗಿರಲಿ, ಸಹಿಯನ್ನು ನಮ್ಮಲ್ಲಿರುವ ಮಾದರಿ ಸಹಿಯೊಡನೆ ತಾಳೆ ನೋಡುತ್ತೇವೆ. ಇದರಿಂದ ಯಾರಿಗೂ ಅವಮಾನವಾಗುವುದಿಲ್ಲ. ಸಾವಿರ ರೂಪಾಯಿಗೆ ಇಷ್ಟು ಎಚ್ಚರವಿರುವಾಗ, ಮನುಷ್ಯನು ತನ್ನ ಬುದ್ಧಿಯನ್ನೇ ಒಪ್ಪಿಸುವ ಕಡೆ ತಾಳೆ ನೋಡಬಾರದೆಂದರೆ ಹೇಗೆ? ನಂಬಬೇಡವೆಂದು ಸಮಿತಿಯು ಯಾರಿಗೂ ಅಪ್ಪಣೆ ಮಾಡಲಿಲ್ಲ. ನೋಡಲು ಬಿಡಿರೆಂದು ಕೇಳಿತು, ಅಷ್ಟೆ. 1977ರಲ್ಲಿ ನರಸಿಂಹಯ್ಯನವರ ಅವಧಿ ಮುಗಿಯಿತು, ಸಮಿತಿಯೂ ವಿಸರ್ಜನೆಯಾಯಿತು.

ನಮ್ಮ ಮಕ್ಕಳ ವಿಷಯಕ್ಕೆ ಬಂದರೆ ಸಂಕಟವಾಗುತ್ತದೆ. ಹತ್ತನೆಯ ತರಗತಿ ಮುಗಿಯುವ ಮೊದಲೇ ಕೋಚಿಂಗ್ ಕ್ಲಾಸಿಗೆ ಲಕ್ಷಗಟ್ಟಲೆ ಕಟ್ಟುತ್ತೇವೆ. ಅಲ್ಲಿ ಒಂದು ನಿಮಿಷಕ್ಕೆ ಒಂದು ಉತ್ತರ ಗುರುತಿಸುವ ಅಭ್ಯಾಸ ನಡೆಯುತ್ತದೆ. ಪ್ರಶ್ನೆಯೇ ಸರಿಯೇ ಎಂದು ಕೇಳಲು ವೇಳೆಯಿಲ್ಲ. ಮನೆಗೆ ಬಂದರೆ ಮೊಬೈಲಿನಲ್ಲಿ ಬಂದ ಸುದ್ದಿಯನ್ನು ನಾವೇ ಓದಿ ಹೇಳುತ್ತೇವೆ, ಮಗು ಅದು ನಿಜವೇ ಎಂದರೆ ಎದುರುತ್ತರ ಕೊಡಬೇಡವೆಂದು ಗದರುತ್ತೇವೆ. ಇಂಥ ಮನೆಗಳಿಂದಲೇ ಹೋದ ಹುಡುಗರು ಒಂದು ಕಾಲದಲ್ಲಿ ಬಸವನಗುಡಿಯ ಆ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಎದುರಿಗೆ ಎದ್ದು ನಿಂತು ಪ್ರಶ್ನೆ ಕೇಳಬಹುದಾಗಿತ್ತು.

ಉಪಕುಲಪತಿ ಪದವಿಯಿಂದ ಇಳಿದ ಮೇಲೂ ನರಸಿಂಹಯ್ಯನವರು ಸುಮ್ಮನಿರಲಿಲ್ಲ. ವಿಧಾನ ಪರಿಷತ್ತಿನ ಸದಸ್ಯರಾದರು. 1984ರಲ್ಲಿ ಪದ್ಮಭೂಷಣ ಬಂತು. ಹೋರಾಟದ ಹಾದಿ ಎಂಬ ಹೆಸರಿನಲ್ಲಿ ಆತ್ಮಕಥೆಯನ್ನು ಬರೆದರು. ತಾವು ಹುಟ್ಟಿದ ಬರಡು ಸೀಮೆಯ ಮಕ್ಕಳು ಓದಿಗಾಗಿ ಮತ್ತೆ ಬೆಂಗಳೂರಿಗೆ ನಡೆಯಬಾರದೆಂದೋ ಏನೋ, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತಲೆಯೆತ್ತುವಂತೆ ದುಡಿದರು. ಅವರ ದೊಡ್ಡ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ, ಗದ್ದಲವೆಬ್ಬಿಸಿದ ಆ ಸಮಿತಿಗಿಂತ ಈ ಎರಡು ಕಾಲೇಜುಗಳನ್ನೇ ನಾವು ಮೊದಲು ಹೇಳುತ್ತೇವೆ.

2005ನೆಯ ಇಸವಿ ಜನವರಿ 31ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಹೆಂಡತಿ ಮಕ್ಕಳಿರಲಿಲ್ಲ. 1946ರಲ್ಲಿ ಅಧ್ಯಾಪಕರಾಗಿ ಕಾಲಿಟ್ಟ ಕಾಲೇಜಿನ ಹಾಸ್ಟೆಲಿನಲ್ಲಿ, ಹುಡುಗರ ಗಲಾಟೆಯ ನಡುವೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಕೊಠಡಿಯಲ್ಲಿ ಅವರು ಬಾಳಿದ್ದರು.