ಉಳಿದ ಊಟದ ಪತ್ತೇದಾರ ಹೆವೆಶಿ

ರಾತ್ರಿ ಮಿಕ್ಕಿದ ಅನ್ನವೇ ಬೆಳಿಗ್ಗೆ ಚಿತ್ರಾನ್ನ ಆಗಿ ಬರುತ್ತೆ ಅನ್ನೋದು ಹಾಸ್ಟೆಲ್‌ನಲ್ಲಿರೋ ನಮಗೆಲ್ಲ ಇರುವ ಅನುಮಾನ. ಆದ್ರೆ ಪ್ರೂವ್ ಮಾಡೋದು ಹೇಗೆ? 1911ರ ಸುಮಾರಿಗೆ ಮ್ಯಾಂಚೆಸ್ಟರ್‌ನಲ್ಲಿ ಒಬ್ಬರು ಅದನ್ನ ಮಾಡಿದ್ದರು. ಅವರೇ ಜಾರ್ಜ್ ಡಿ ಹೆವೆಶಿ.

1885ರಲ್ಲಿ ಬುಡಾಪೆಸ್ಟ್‌ನ ಶ್ರೀಮಂತ ಮನೆಯಲ್ಲಿ ಹುಟ್ಟಿದ ಹೆವೆಶಿ, ರುದರ್‌ಫೋರ್ಡ್ ಅವರ ಲ್ಯಾಬ್ ಸೇರಿ, ಒಂದು ಮನೆಯಲ್ಲಿ ಬಾಡಿಗೆಗಿದ್ದರು. ಊಟವೂ ಅಲ್ಲೇ. ಉಳಿದದ್ದನ್ನೇ ಮನೆಯೊಡತಿ ಮತ್ತೆ ಬಡಿಸುತ್ತಾರೆ ಅಂತ ಇವರಿಗೆ ಡೌಟು. ಒಂದು ದಿನ ತಾವು ಬಿಟ್ಟ ಊಟಕ್ಕೆ ಚೂರು ವಿಕಿರಣಶೀಲ ವಸ್ತು ಬೆರೆಸಿದರು. ಕೆಲ ದಿನ ಬಿಟ್ಟು ಬಂದ ಅಡುಗೆಗೆ ಎಲೆಕ್ಟ್ರೋಸ್ಕೋಪ್ ಹಿಡಿದರೆ, ಸಿಕ್ಕಿಬಿತ್ತು! ಕತೆ ಅವರೇ ಹೇಳಿಕೊಂಡದ್ದು. (ನಮ್ಮ ಮೆಸ್ಸಲ್ಲಿ ಯಾರೂ ಟ್ರೈ ಮಾಡಬೇಡಿ.)

ಲ್ಯಾಬ್‌ನಲ್ಲಿ ಮಾತ್ರ ಅದೃಷ್ಟ ಕೈಕೊಟ್ಟಿತ್ತು. ಸೀಸದ ರಾಶಿಯಿಂದ ರೇಡಿಯಮ್-ಡಿ ಅನ್ನು ಬೇರೆ ಮಾಡಿ ಅಂತ ರುದರ್‌ಫೋರ್ಡ್ ಹೇಳಿದ್ದರು. ಎಷ್ಟು ಒದ್ದಾಡಿದರೂ ಆಗಲಿಲ್ಲ. ಆಗೋದೂ ಇಲ್ಲ, ಯಾಕಂದ್ರೆ ರೇಡಿಯಮ್-ಡಿ ಅನ್ನೋದು ಸೀಸದ್ದೇ ಐಸೋಟೋಪ್. ಕೆಮಿಸ್ಟ್ರಿಗೆ ಎರಡೂ ಒಂದೇ. ಹೆವೆಶಿ ಆಗ ಯೋಚನೆಯನ್ನೇ ತಿರುಗಿಸಿದರು. ಬೇರೆ ಮಾಡೋಕೆ ಆಗಲ್ಲ ಅಂದ್ರೆ, ಸೀಸ ಹೋದಲ್ಲೆಲ್ಲ ಇದೂ ಹೋಗುತ್ತೆ, ಹೋದ ದಾರಿಯನ್ನ ವಿಕಿರಣ ನಮಗೆ ತೋರಿಸುತ್ತೆ. 1913ರಲ್ಲಿ ವಿಯೆನ್ನಾದಲ್ಲಿ ಪಾನೆತ್ ಜೊತೆ ಸೇರಿ ಇದನ್ನು ಮಾಡಿ ತೋರಿಸಿದರು. ಟ್ರೇಸರ್ ಹುಟ್ಟಿದ್ದು ಹೀಗೆ. 1923ರಲ್ಲಿ ಬೀನ್ಸ್ ಗಿಡ ಸೀಸ ಹೀರಿಕೊಳ್ಳುವುದನ್ನು ಅಳೆದರು. 1935ರಲ್ಲಿ ಇಲಿಗಳಿಗೆ ವಿಕಿರಣಶೀಲ ರಂಜಕ ಕೊಟ್ಟು, ಮೂಳೆ ಸದಾ ಹೊಸದಾಗುತ್ತಿರುತ್ತೆ ಅಂತ ಕಂಡುಕೊಂಡರು. ನಡುವೆ ಹಾಫ್ನಿಯಮ್ ಪತ್ತೆ, 1940ರಲ್ಲಿ ನಾಜಿಗಳ ಕೈಗೆ ಸಿಗದಿರಲಿ ಅಂತ ಇಬ್ಬರ ನೊಬೆಲ್ ಪದಕಗಳನ್ನು ಆಕ್ವಾ ರೀಜಿಯಾದಲ್ಲಿ ಕರಗಿಸಿಟ್ಟದ್ದು, ಇವೆಲ್ಲ ಸಿನಿಮಾ ಆಗುವಂಥವು. 1943ರ ಕೆಮಿಸ್ಟ್ರಿ ನೊಬೆಲ್ ಬಂದದ್ದು ಮಾತ್ರ ಟ್ರೇಸರ್‌ಗೇ.

1966ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಅವರು ತೀರಿಕೊಂಡರು. ಅವರ ಉಪಾಯ ಆಮೇಲೆ ಎಲ್ಲಿಗೆ ತಲುಪಿತು ಅನ್ನೋದಕ್ಕೆ ನಮಗೆ ತುಂಬ ಹಿಡಿಸಿದ ಉದಾಹರಣೆ ಒಂದಿದೆ.

ಕೆಲವು ಹಸುಗೂಸುಗಳ ಪ್ಯಾಂಕ್ರಿಯಾಸ್, ರಕ್ತದಲ್ಲಿ ಸಕ್ಕರೆ ಇಳಿದಿದ್ದರೂ ಇನ್ಸುಲಿನ್ ಸುರಿಸುತ್ತಲೇ ಇರುತ್ತೆ. ಇದು ಹುಟ್ಟಿನಿಂದ ಬರುವ ಹೈಪರ್‌ಇನ್ಸುಲಿನಿಸಮ್. ಸಕ್ಕರೆ ಸಿಗದೆ ಮಗುವಿನ ಮೆದುಳಿಗೇ ಪೆಟ್ಟು ಬೀಳಬಹುದು. ಕೆಲವರಲ್ಲಿ ದೋಷ ಇಡೀ ಗ್ರಂಥಿಯಲ್ಲಿ ಹರಡಿರುತ್ತೆ, ಇನ್ನು ಕೆಲವರಲ್ಲಿ ಒಂದೇ ಚುಕ್ಕೆಯಷ್ಟು ಜಾಗದಲ್ಲಿ. ಆ ಚುಕ್ಕೆ ಎಷ್ಟು ಚಿಕ್ಕದೆಂದರೆ ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ಯಾವುದರಲ್ಲೂ ಸಾಮಾನ್ಯವಾಗಿ ಕಾಣಲ್ಲ. ಔಷಧಿ ನಾಟದಿದ್ದರೆ ಪ್ಯಾಂಕ್ರಿಯಾಸ್ ಅನ್ನೇ ಬಹುಪಾಲು ಕತ್ತರಿಸಬೇಕಾಗಬಹುದು. ಹಾಗೆ ಮಾಡಿದರೆ ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಜಾಸ್ತಿ.

ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಡೋಪಾ ಅನ್ನುವ ವಸ್ತುವನ್ನು ಒಳಗೆಳೆದುಕೊಳ್ಳುತ್ತವೆ. ಅದಕ್ಕೇ ಫ್ಲೋರಿನ್-18 ಅಂಟಿಸಿದರು. 2000ರ ದಶಕದಲ್ಲಿ ಫಿನ್‌ಲೆಂಡ್, ಫ್ರಾನ್ಸ್‌ನ ಸಂಶೋಧಕರು ಇದನ್ನು ಈ ಮಕ್ಕಳಲ್ಲಿ ಬಳಸಿ ಫಲಿತಾಂಶ ಪ್ರಕಟಿಸಿದರು. ಫ್ಲೋರಿನ್ ಬಿಟ್ಟ ಪಾಸಿಟ್ರಾನ್ ಎಲೆಕ್ಟ್ರಾನ್‌ಗೆ ಡಿಕ್ಕಿ ಹೊಡೆದಾಗ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಪೆಟ್ ಸ್ಕ್ಯಾನರ್ ಆ ಗೆರೆಗಳನ್ನೆಲ್ಲ ಜೋಡಿಸಿ ಜಾಗ ಹಿಡಿಯುತ್ತೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ ಅಷ್ಟೇ, ಹಾಗಾಗಿ ಸೈಕ್ಲೋಟ್ರಾನ್‌ನಿಂದ ಮಗುವಿನವರೆಗೆ ಎಲ್ಲವೂ ಓಟವೇ.

ಚುಕ್ಕೆ ಎಲ್ಲಿದೆ ಅಂತ ಗೊತ್ತಾದರೆ ಸರ್ಜನ್ ಅಷ್ಟನ್ನೇ ತೆಗೀತಾರೆ, ಉಳಿದ ಗ್ರಂಥಿ ಹಾಗೇ ಇರುತ್ತೆ. ಅಂಥ ಹೆಚ್ಚಿನ ಮಕ್ಕಳು ಆಮೇಲೆ ಔಷಧಿಯಿಲ್ಲದೆ ಎಲ್ಲರಂತೆ ಉಂಡುಕೊಂಡು ಇರುತ್ತಾರೆ.