ಹ್ಯಾಂಡಲ್ ತಪ್ಪಿಸಿದ ಚಾರ್ಲ್ಸ್ ಕೆಟರಿಂಗ್

ಹಳೆಯ ಕಾರು ರಿಪೇರಿ ಮಾಡುವ ಗ್ಯಾರೇಜುಗಳಲ್ಲಿ ಡೆಲ್ಕೋ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಎಂಜಿನ್ನಿನ ಪ್ಲಗ್ಗುಗಳಿಗೆ ಸರದಿ ಪ್ರಕಾರ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮ ಮೆಕ್ಯಾನಿಕ್‌ಗಳು ಕರೆಯುವ ಹೆಸರು ಅದು. ಅದು ನಮ್ಮ ಮನೆಯ ಉರ್ದು ಪದವೂ ಅಲ್ಲ, ಕನ್ನಡ ಪದವೂ ಅಲ್ಲ. ಅಮೆರಿಕದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಎಂಬ ಉದ್ದನೆಯ ಹೆಸರನ್ನು ಚಿಕ್ಕದು ಮಾಡಿದಾಗ ಬಂದದ್ದು. ಆ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು ಚಾರ್ಲ್ಸ್ ಕೆಟರಿಂಗ್. ನಾನು ಕಾಮರ್ಸ್ ವಿದ್ಯಾರ್ಥಿ. ಎಂಜಿನಿಯರ್ ಒಬ್ಬರ ಜೀವನದ ಬಗ್ಗೆ ನಾನೇಕೆ ಬರೆಯುತ್ತಿದ್ದೇನೆ ಎಂಬುದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಓಹಾಯೋ ರಾಜ್ಯದ ಲೌಡನ್‌ವಿಲ್ ಊರಿನ ಹತ್ತಿರದ ಒಂದು ರೈತರ ಮನೆಯಲ್ಲಿ. ಚಿಕ್ಕಂದಿನಿಂದಲೂ ಅವರಿಗೆ ಕಣ್ಣಿನ ತೊಂದರೆ ಇತ್ತು. ಹೆಚ್ಚು ಓದಿದರೆ ತಲೆನೋವು ಬರುತ್ತಿತ್ತು. ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿ ಕೆಲಸ ಮಾಡಿ, ನಂತರ ಯೂನಿವರ್ಸಿಟಿ ಸೇರಿದರು. ಆದರೆ ಕಣ್ಣಿನ ಕಾರಣಕ್ಕೆ ಓದನ್ನು ನಡುವೆಯೇ ಬಿಡಬೇಕಾಯಿತು. ಆಗ ಅವರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಟೆಲಿಫೋನ್ ಲೈನ್ ಎಳೆಯುವ ಗುಂಪಿನೊಂದಿಗೆ ಸೇರಿ ಕಂಬ ನೆಡುವ ಕೆಲಸ ಮಾಡಿದರು. ವಿದ್ಯುತ್ತಿನ ಪಾಠ ಅವರಿಗೆ ಅಲ್ಲಿಯೂ ಸಿಕ್ಕಿತು. ಮತ್ತೆ ಕಾಲೇಜಿಗೆ ಮರಳಿ 1904ರಲ್ಲಿ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಗ್ರಿ ಪಡೆದರು. ಅಷ್ಟು ಹೊತ್ತಿಗೆ ಅವರಿಗೆ ಇಪ್ಪತ್ತೇಳು ವರ್ಷ. ಒಂದು ವರ್ಷ ಹಿಂದೆ ಬಿದ್ದರೆ ಎಲ್ಲಾ ಮುಗಿಯಿತು ಎಂದುಕೊಳ್ಳುವ ನಮ್ಮ ಕೆಲವು ಗೆಳೆಯರು ಇದನ್ನು ನೆನಪಿಡಬೇಕು.

ಕಾಮರ್ಸಿಗೂ ಅವರಿಗೂ ಇರುವ ಸಂಬಂಧ ಇಲ್ಲಿಂದ ಶುರುವಾಗುತ್ತದೆ. ಅವರ ಮೊದಲ ದೊಡ್ಡ ನೌಕರಿ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಯ ಗಲ್ಲಾದಲ್ಲಿ ಲೆಕ್ಕ ಬರೆಯುವ ಆ ಯಂತ್ರವನ್ನು ಆಗ ಕೈಯಿಂದ ತಿರುಗಿಸಬೇಕಿತ್ತು. ಕೆಟರಿಂಗ್ ಅದಕ್ಕೆ ಒಂದು ಸಣ್ಣ ಎಲೆಕ್ಟ್ರಿಕ್ ಮೋಟಾರು ಜೋಡಿಸಿದರು. ಗಿರಾಕಿಗೆ ಸಾಲ ಕೊಡಬಹುದೇ ಎಂದು ಕೌಂಟರಿನಲ್ಲಿರುವವರು ಫೋನಿನಲ್ಲೇ ಕೇಳಿ ಒಪ್ಪಿಗೆ ಪಡೆಯುವ ವ್ಯವಸ್ಥೆಯನ್ನೂ ಮಾಡಿದರು.

ಅದೇ ಕಂಪನಿಯಲ್ಲಿದ್ದ ಎಡ್ವರ್ಡ್ ಡೀಡ್ಸ್ ಅವರ ಸ್ನೇಹಿತ. ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೆಟರಿಂಗ್ ಮತ್ತು ಗೆಳೆಯರು ನೌಕರಿ ಮುಗಿದ ಮೇಲೆ ರಾತ್ರಿ ಹೊತ್ತು ಕಾರಿನ ಇಗ್ನಿಷನ್ ಮೇಲೆ ಕೆಲಸ ಮಾಡಿದರು. ಆ ಕಾಲದ ಅನೇಕ ಕಾರುಗಳಲ್ಲಿ ಒಂದು ಬಾರಿ ಉರಿಯಲು ಕಿಡಿಗಳ ಸುರಿಮಳೆಯೇ ಬೇಕಾಗುತ್ತಿತ್ತು, ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು. ಕೆಟರಿಂಗ್ ಬೇಕಾದ ಕ್ಷಣಕ್ಕೆ ಒಂದೇ ಒಂದು ಬಲವಾದ ಕಿಡಿ ಬರುವಂತೆ ಮಾಡಿದರು. 1909ರಲ್ಲಿ ಡೆಲ್ಕೋ ಕಂಪನಿ ಶುರುವಾಯಿತು. ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೆಲಂಡ್ 1910ರ ಕಾರುಗಳಿಗೆ ಈ ಇಗ್ನಿಷನ್ ತೆಗೆದುಕೊಂಡರು.

ಆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಹೇಳಿಕೊಟ್ಟವರು ಗ್ಯಾರೇಜಿನಲ್ಲಿ ಕೆಲಸ ಮಾಡುವ ನನ್ನ ಮಾಮೂ. ಬ್ಯಾಟರಿಯ ಕರೆಂಟ್ ಕಾಯಿಲ್ ಮೂಲಕ ಹರಿಯುತ್ತದೆ. ಡೆಲ್ಕೋ ಒಳಗಿನ ಪಾಯಿಂಟ್ ತೆರೆದ ಕೂಡಲೇ ಆ ಕರೆಂಟ್ ನಿಲ್ಲುತ್ತದೆ. ಆಗ ಕಾಯಿಲ್‌ನ ಎರಡನೇ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ಸುಟ್ಟು ಹೋಗದಂತೆ ಕಂಡೆನ್ಸರ್ ಕಾಯುತ್ತದೆ. ನಮ್ಮ ದೇಶದ ರಸ್ತೆಗಳಲ್ಲಿ ಓಡಿದ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲೂ ಇದೇ ಪದ್ಧತಿ ಇತ್ತು.

ಹಾಗಾಗಿ ಹಳೆಯ ಕಾರು ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಇಂದಿಗೂ ಕೆಟರಿಂಗ್ ಹಾಕಿದ ದಾರಿಯಲ್ಲೇ ಹುಡುಕುತ್ತಾ ಹೋಗುತ್ತಾರೆ. ಸೆಲ್ಫ್ ತಿರುಗದೆ ಬರೀ ಟಕ್ ಎಂದರೆ ಮೊದಲು ಬ್ಯಾಟರಿ, ಅದರ ಟರ್ಮಿನಲ್ ಮೇಲಿನ ಬಿಳಿ ಪುಡಿ, ಅರ್ಥ್ ವೈರ್ ನೋಡಬೇಕು. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಪ್ಲಗ್ಗಿಗೆ ಕಿಡಿ ಬರುತ್ತಿದೆಯೇ ನೋಡಬೇಕು. ಕಿಡಿ ಇದ್ದರೆ ಪೆಟ್ರೋಲ್ ಕಡೆ ಹೋಗಬೇಕು. ಇಲ್ಲದಿದ್ದರೆ ಡೆಲ್ಕೋ ಮುಚ್ಚಳ ತೆಗೆದು, ಒಳಗೆ ತೇವ ಅಥವಾ ಬಿರುಕು ಇದೆಯೇ, ಪಾಯಿಂಟ್ ಸುಟ್ಟಿದೆಯೇ, ಅದರ ಗ್ಯಾಪ್ ಸರಿ ಇದೆಯೇ, ಕಂಡೆನ್ಸರ್ ಮತ್ತು ಕಾಯಿಲ್ ಹೇಗಿವೆ ಎಂದು ಒಂದೊಂದಾಗಿ ನೋಡಬೇಕು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ನಾವು ಲೆಡ್ಜರನ್ನು ಒಂದೊಂದೇ ಖಾತೆಯಾಗಿ ನೋಡುವುದಿಲ್ಲವೇ, ಹಾಗೆಯೇ.

ಕೆಟರಿಂಗ್ ಹೆಸರು ಲೋಕಕ್ಕೆ ತಿಳಿದದ್ದು ಸೆಲ್ಫ್ ಸ್ಟಾರ್ಟರಿನಿಂದ. ಆಗ ಕಾರಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಬಡಿದು ಕೈಮೂಳೆ ಮುರಿಯುತ್ತಿತ್ತು. ಲೆಲಂಡ್ ಈ ಕಷ್ಟಕ್ಕೆ ಪರಿಹಾರ ಬೇಕೆಂದಿದ್ದರು. ಎಂಜಿನ್ ತಿರುಗಿಸಲು ಬಹಳ ದೊಡ್ಡ ಮೋಟಾರು ಬೇಕು, ಅದನ್ನು ಕಾರಿನಲ್ಲಿ ಇಡಲಾಗದು ಎಂಬುದು ಅನೇಕ ತಜ್ಞರ ಲೆಕ್ಕ. ಕೆಟರಿಂಗ್‌ಗೆ ತಮ್ಮ ಕ್ಯಾಶ್ ರಿಜಿಸ್ಟರ್ ಅನುಭವ ಇತ್ತು. ಗಲ್ಲಾದ ಮೋಟಾರು ಇಡೀ ದಿನ ತಿರುಗುವುದಿಲ್ಲ, ಒಂದು ಕ್ಷಣ ಜೋರಾಗಿ ದುಡಿದು ಸುಮ್ಮನಾಗುತ್ತದೆ. ಕಾರಿಗೂ ಬೇಕಾದದ್ದು ಅಷ್ಟೇ. ಸಣ್ಣ ಮೋಟಾರಿನ ಮೇಲೆ ಕೆಲವೇ ಸೆಕೆಂಡು ಹೆಚ್ಚಿನ ಭಾರ ಹಾಕಿದರೆ ಅದು ಸುಡುವುದಿಲ್ಲ. ಎಂಜಿನ್ ಹತ್ತಿದ ಮೇಲೆ ಅದೇ ಯಂತ್ರ ಬ್ಯಾಟರಿಯನ್ನು ಚಾರ್ಜ್ ಮಾಡುವಂತೆಯೂ ಅವರು ಜೋಡಿಸಿದರು. 1912ರ ಕ್ಯಾಡಿಲಾಕ್ ಕಾರುಗಳು ಸೆಲ್ಫ್ ಜೊತೆಗೇ ಬಂದವು. ಹ್ಯಾಂಡಲ್ ಹೊಡೆಯುವ ಶಕ್ತಿ ಇಲ್ಲದವರೂ ಕಾರು ನಡೆಸುವ ದಾರಿ ತೆರೆಯಿತು. ಇಂದು ನಮ್ಮ ಉಮ್ಮಿಯಂತಹ ಎಷ್ಟೋ ತಾಯಂದಿರು ಬೆರಳಿನಿಂದ ಬಟನ್ ಒತ್ತಿ ಸ್ಕೂಟರ್ ಸ್ಟಾರ್ಟ್ ಮಾಡುವುದರ ಹಿಂದೆಯೂ ಇದೇ ಆಲೋಚನೆ ಇದೆ.

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪೂರ್ತಿಯಾಗುವುದಿಲ್ಲ. ಡೆಲ್ಕೋ ಮುಂದೆ ಜನರಲ್ ಮೋಟಾರ್ಸ್ ಕೈಸೇರಿತು. 1920ರಿಂದ 1947ರವರೆಗೆ ಕೆಟರಿಂಗ್ ಆ ಕಂಪನಿಯ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅವರು ಮುಂದೆ ನಿಂತು ಮಾಡಿಸಿದ, ಗಾಳಿಯಿಂದ ತಣ್ಣಗಾಗುವ ಶೆವರ್ಲೆ ಎಂಜಿನ್ 1923ರಲ್ಲಿ ವಿಫಲವಾಯಿತು, ಮಾರಿದ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಅದು ಹಣದ ನಷ್ಟ ಮಾತ್ರ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಎಂಜಿನ್ ಬಡಿಯುವ ಸದ್ದನ್ನು ನಿಲ್ಲಿಸಲು 1921ರಲ್ಲಿ ಅವರ ಕೈಕೆಳಗಿನ ಥಾಮಸ್ ಮಿಡ್ಗ್ಲಿ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸಿದರು. ಸೀಸ ವಿಷ ಎಂದು ಆಗಲೇ ಗೊತ್ತಿತ್ತು. ಆಲ್ಕೋಹಾಲ್ ಬೆರೆಸಿದರೂ ಆ ಬಡಿತ ನಿಲ್ಲುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. 1924ರಲ್ಲಿ ನ್ಯೂಜೆರ್ಸಿಯ ಘಟಕದಲ್ಲಿ ಐವರು ಕಾರ್ಮಿಕರು ಈ ವಿಷದಿಂದ ಸತ್ತರು. ಆದರೂ ಸ್ವಲ್ಪ ಕಾಲ ನಿಂತ ಮಾರಾಟ ಮತ್ತೆ ಶುರುವಾಯಿತು. ಆ ಹೊಗೆ ದಶಕಗಳ ಕಾಲ ಇಡೀ ಜಗತ್ತಿನ ಮಕ್ಕಳ ಮಿದುಳಿಗೆ ಹಾನಿ ಮಾಡಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಜಗತ್ತಿನ ಎಲ್ಲೆಡೆ ಕಾರುಗಳಿಗೆ ಅದರ ಮಾರಾಟ ನಿಂತದ್ದು 2021ರಲ್ಲಿ.

1945ರಲ್ಲಿ ಅವರ ಮತ್ತು ಆಲ್ಫ್ರೆಡ್ ಸ್ಲೋನ್ ಹೆಸರಿನಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆರಂಭವಾಯಿತು. ಮರುವರ್ಷ ಅವರ ಪತ್ನಿ ಆಲಿವ್ ಕ್ಯಾನ್ಸರಿನಿಂದಲೇ ತೀರಿಕೊಂಡರು. ಕೆಟರಿಂಗ್ 1958ರ ನವೆಂಬರಿನಲ್ಲಿ, 82ನೇ ವಯಸ್ಸಿನಲ್ಲಿ ನಿಧನರಾದರು.

ಈ ಜೀವನವನ್ನು ಓದಿದ ಮೇಲೆ ನಾನು ಬಹಳ ಯೋಚಿಸಿದೆ. ಖಾತೆಯ ಒಂದು ಬದಿಯಲ್ಲಿ ಮುರಿಯದೆ ಉಳಿದ ಸಾವಿರಾರು ಕೈಗಳು, ಇನ್ನೊಂದು ಬದಿಯಲ್ಲಿ ಸೀಸದ ಹೊಗೆ. ನಮ್ಮ ಪುಸ್ತಕದಲ್ಲಿ ಡೆಬಿಟ್ ಕ್ರೆಡಿಟ್ ಕೂಡಿ ಕಳೆದು ಒಂದು ಮೊತ್ತ ಬರೆಯಬಹುದು. ಮನುಷ್ಯನ ಕೆಲಸಗಳಿಗೆ ಹಾಗೆ ಮಾಡಲಾಗದು. ಒಬ್ಬರ ಕೈ ಉಳಿಸಿದ್ದು ಇನ್ನೊಬ್ಬರ ಮಗುವಿಗೆ ಕೊಟ್ಟ ವಿಷವನ್ನು ಅಳಿಸುವುದಿಲ್ಲ. ಆ ವಿಷದ ಕಾರಣಕ್ಕೆ ಸೆಲ್ಫ್ ಸ್ಟಾರ್ಟರಿನ ಉಪಕಾರವೂ ಸುಳ್ಳಾಗುವುದಿಲ್ಲ. ನಾಳೆ ನಮ್ಮಲ್ಲಿ ಕೆಲವರು ಕಂಪನಿಗಳ ಲೆಕ್ಕ ಬರೆಯುತ್ತೇವೆ, ಕೆಲವರು ಕಂಪನಿಯನ್ನೇ ನಡೆಸುತ್ತೇವೆ. ಆಗ ಲಾಭದ ಕಾಲಂ ಜೊತೆಗೆ, ಲೆಡ್ಜರಿನಲ್ಲಿ ಖಾತೆಯೇ ಇಲ್ಲದ ಜನರನ್ನೂ ನೆನಪಿಡೋಣ.