ಚಿತ್ರಶಿಲ್ಪಿ ವೆಂಕಟಪ್ಪನವರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯ ಮಕ್ಕಳಿಗೆ ಶಹಾಬಾದಿನ ಹಾಸುಗಲ್ಲನ್ನು ಪರಿಚಯಿಸಬೇಕಾಗಿಲ್ಲ. ಪದರಪದರವಾಗಿ ಏಳುವ ಆ ಸುಣ್ಣಕಲ್ಲನ್ನು ನೆಲಕ್ಕೆ ಹಾಸಿ ಅದರ ಮೇಲೆ ನಡೆದಾಡುತ್ತೇವೆ. ಆದರೆ ಇದೇ ಬಗೆಯ ಕಲ್ಲಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಶಿಲ್ಪಿಗಳು ಏನನ್ನು ಕಂಡರೆಂಬುದನ್ನು ತಿಳಿಯಬೇಕಾದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಗೆ ಹೋಗಬೇಕು. 1994ರಲ್ಲಿ ಆರಂಭವಾದ ಉತ್ಖನನದಿಂದ ಅಲ್ಲಿ ಬೌದ್ಧ ಸ್ತೂಪವೊಂದರ ಚಪ್ಪಡಿಗಳು ಬೆಳಕಿಗೆ ಬಂದವು. ಅವುಗಳಲ್ಲೊಂದರ ಮೇಲೆ ಅಶೋಕನ ಆಕೃತಿಯಿದೆ. ಬ್ರಾಹ್ಮೀ ಲಿಪಿಯಲ್ಲಿ ಅವನ ಹೆಸರೂ ಇದೆ. ಆ ಆಕೃತಿ ಕಲ್ಲಿನಿಂದ ಬೇರೆಯಾಗಿ ನಿಂತಿಲ್ಲ. ಬರೆದ ಚಿತ್ರವೇ ಕೊಂಚ ಮೇಲೆದ್ದಂತಿದೆ. ಇದಕ್ಕೆ ಉಬ್ಬುಶಿಲ್ಪವೆಂದು ಹೆಸರು. ಇದೇ ಕಲೆಗೆ ಇಪ್ಪತ್ತನೆಯ ಶತಮಾನದಲ್ಲಿ ಮನಸೋತು, ಕಲ್ಲಿನ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ದುಡಿದ ಕನ್ನಡಿಗರು ಮೈಸೂರಿನ ಕೆ. ವೆಂಕಟಪ್ಪನವರು.

ವೆಂಕಟಪ್ಪನವರು 1886ರಲ್ಲಿ, ಅರಮನೆಯ ಆಶ್ರಯದಲ್ಲಿ ಬಾಳಿದ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಕುಂಚ ಅವರಿಗೆ ವಂಶದಿಂದ ಬಂದುದು. ಅವರ ಪ್ರತಿಭೆಯನ್ನು ಗುರುತಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು, ನಂದಲಾಲ ಬಸು ಸಹಪಾಠಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ ಅದರಲ್ಲಿ ವೆಂಕಟಪ್ಪನವರ ಚಿತ್ರಗಳೂ ಇದ್ದವು. 1916ರಲ್ಲಿ ಅವರು ತಾಯ್ನಾಡಿಗೆ ಮರಳಿದರು.

ಮುಂದೆ ಊಟಿ, ಕೊಡೈಕನಾಲುಗಳ ಬೆಟ್ಟ, ಮಂಜು, ಮುಗಿಲುಗಳನ್ನು ಜಲವರ್ಣದಲ್ಲಿ ಬರೆದರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಅದನ್ನೂ ಚಿತ್ರಕಲೆಯಷ್ಟೇ ನಿಷ್ಠೆಯಿಂದ ನಡೆಸಿದರು. ಅವಿವಾಹಿತರಾಗಿಯೇ ಉಳಿದರು. ದಿನಚರಿ ಬರೆಯುವ ಅಭ್ಯಾಸವಿತ್ತು, ಅದರಲ್ಲಿಯೂ ಅಚ್ಚುಕಟ್ಟು.

ಬಣ್ಣದಲ್ಲಿ ಇಷ್ಟು ಪಳಗಿದ ಕೈ ಬಣ್ಣವೇ ಇಲ್ಲದ ಬಿಳಿಯ ಫಲಕಕ್ಕೆ ಏಕೆ ಒಲಿಯಿತು? ಉಬ್ಬುಶಿಲ್ಪದ ಸ್ವಭಾವವನ್ನು ತುಸು ಯೋಚಿಸಿದರೆ ಇದು ಅರ್ಥವಾದೀತು. ಬಿಡಿಶಿಲ್ಪವನ್ನು ಸುತ್ತಿ ಬಂದು ನೋಡಬಹುದು. ಗೋಡೆಗೆ ಅಂಟಿದ ಶಿಲ್ಪಕ್ಕೆ ಬೆನ್ನಿಲ್ಲ. ತೋಳಿನ ದುಂಡು, ಸೀರೆಯ ನಿರಿಗೆ, ಹಿಂದೆ ನಿಂತವರ ದೂರ, ಇವೆಲ್ಲವನ್ನೂ ಅತ್ಯಲ್ಪವಾದ ಉಬ್ಬಿನಲ್ಲಿಯೇ ತೋರಿಸಬೇಕು. ಉಬ್ಬು ಹೆಚ್ಚಾದರೆ ಬೊಂಬೆಯಾಗುತ್ತದೆ, ಕಡಿಮೆಯಾದರೆ ಅಳಿಸಿಹೋಗುತ್ತದೆ. ಕಲಾವಿದ ಅಂಚನ್ನು ಮಾತ್ರ ಸಿದ್ಧಪಡಿಸುತ್ತಾನೆ. ಬೆಳಕು ಪಕ್ಕದಿಂದ ಬಿದ್ದಾಗ ಅಂಚಿನ ಕೆಳಗೆ ಮೂಡುವ ನೆರಳೇ ರೇಖೆಯಾಗುತ್ತದೆ. ಬೆಳಗಿನ ರೇಖೆ ಸಂಜೆಗೆ ಬೇರೆ. ರೇಖೆಯನ್ನೇ ನೆಚ್ಚಿದ ಚಿತ್ರಕಾರನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇಲ್ಲವೆಂದು ನನ್ನ ಭಾವನೆ.

ನಾಲ್ವಡಿಯವರ ಇಚ್ಛೆಯಂತೆ ಮೈಸೂರಿನ ಅರಮನೆಗಾಗಿ ಅವರು ಇಂಥ ಫಲಕಗಳನ್ನು ರಚಿಸತೊಡಗಿದರು. 1940ರಲ್ಲಿ ಮಹಾರಾಜರು ಕಾಲವಾದರು. ಕೆಲಸ ನಿಂತುಹೋಯಿತು. ಸಲ್ಲಬೇಕಾದ ಪ್ರತಿಫಲದ ವಿಷಯದಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಅರಮನೆಯ ಅನ್ನ ಉಂಡ ಮನೆತನದವರು, ಅರಮನೆಯ ಹಣದಿಂದ ಕಲಿತವರು, ನ್ಯಾಯಾಲಯದ ಮೆಟ್ಟಿಲೇರಿದರು! ಇದನ್ನು ಕೃತಘ್ನತೆಯೆಂದು ಕರೆಯುವುದು ಸುಲಭ. ಆದರೆ ಅವರು ಹಣದ ಆಸೆಯವರಾಗಿರಲಿಲ್ಲ. ಏಕಾಂಗಿಯಾಗಿ, ಮಿತವಾಗಿ ಬದುಕಿದವರು. ಕಲಾವಿದನ ದುಡಿಮೆಗೆ ಬರುವುದು ದೊರೆಯ ಕೊಡುಗೆಯೋ, ಅವನಿಗೆ ಹಕ್ಕಿನಿಂದ ಸಲ್ಲುವ ಬೆಲೆಯೋ ಎಂಬುದು ಅಲ್ಲಿಯ ಪ್ರಶ್ನೆಯಾಗಿತ್ತು. ತಂದೆ ತಾತಂದಿರ ಕಾಲದಲ್ಲಿ ಅದನ್ನು ಕೇಳುವಂತೆಯೇ ಇರಲಿಲ್ಲ.

ಮೈಸೂರನ್ನು ಬಿಟ್ಟು ಅವರು ಬೆಂಗಳೂರಿನಲ್ಲಿ ನೆಲೆಸಿದರು, 1965ರಲ್ಲಿ ನಿಧನರಾದರು. ಅವರು ಬಿಟ್ಟುಹೋದ ಕೃತಿಗಳಿಗಾಗಿ ಸರ್ಕಾರವು ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯನ್ನು ಸ್ಥಾಪಿಸಿತು. ಜಲವರ್ಣಗಳ ಜೊತೆಗೆ ಉಬ್ಬುಶಿಲ್ಪಗಳೂ ಅಲ್ಲಿ ಸ್ಥಾನ ಪಡೆದವು. 2016ರಲ್ಲಿ ಆ ಚಿತ್ರಶಾಲೆಯನ್ನು ಖಾಸಗಿ ಸಂಸ್ಥೆಯೊಂದರ ಕೈಗೆ ಒಪ್ಪಿಸುವ ಯೋಜನೆಯನ್ನು ವಿರೋಧಿಸಿ ಕಲಾವಿದರು ಅದರ ಮುಂದೆ ನೆರೆದರು.